ಮುನಿಲಕ್ಷ್ಮಕ್ಕ ಎತ್ಕೊಡೋ ಹಾಡು

ನಮ್ಮ ಓರಗಿತ್ತಿ ಮುನಿಲಕ್ಷ್ಮಕ್ಕ ಬಾಯಿ ಬಿಟ್ರೆ ಸಾಕು, ಜರಗನಹಳ್ಳಿ ಹೆಂಗಸರೆಲ್ಲ ಸೆರಗು ಬಾಯಿಗಿಟ್ಕೊಳೋರು. ನಮ್ಮ ಭಾವ ಚಿಕ್ಕಬೈರಪ್ಪನ ಹೆಂಡ್ತಿ ಆಕೆ. ಬೆಳಿಗ್ಗೆ ಸೊಪ್ಪಿನ ಮಂಕರಿ ಹೊತ್ಕೊಂಡು, ಆಗಿನ್ನೂ ಹೊಸದಾಗಿ ಏಳ್ತಿದ್ದ ಜಯನಗರದ ಕಡೆ ಹೋಗೋಳು. ಬರೋವಾಗ ಮಂಕರಿ ಖಾಲಿ, ಬಾಯಿ ತುಂಬ ಇಂಗ್ಲೀಷು. ಅದ್ಯಾವ ದೇಶದ ಇಂಗ್ಲೀಷೋ ಆ ಶಿವನಿಗೇ ಗೊತ್ತು!

"ಲಕ್ಷ್ಮೀ, ಮೂಲೆಮನೆ ಮೇಷ್ಟ್ರು ಟೈರಾಗ್ಬಿಟ್ರಂತೆ ಕಣೆ, ಪಾಪ" ಅಂದ್ಳು ಒಂದಿನ. ಅಯ್ಯೋ, ಬಸ್ಸಿಗೆ ಸಿಕ್ಕೊಂಡ್ರಾ ಅಂತ ನಾನು ಎದೆ ಹಿಡ್ಕೊಂಡೆ. ಆಮೇಲೆ ನೋಡಿದ್ರೆ ಆ ಮನುಷ್ಯ ರಿಟೈರಾಗಿ ಮನೆ ಮುಂದೆ ಕುರ್ಚಿ ಹಾಕ್ಕೊಂಡು ಪೇಪರ್ ಓದ್ತಾ ಕೂತವ್ರೆ. ಕನಕಪುರ ರೋಡಲ್ಲಿ ಬಸ್ಸು ಬರ್ಲಿಲ್ಲ ಅಂದ್ರೆ "ಇವತ್ತು ಬಸ್ಸು ಕೌನ್ಸಿಲ್ಲು" ಅನ್ನೋಳು. ಕ್ಯಾನ್ಸಲ್ ಕಣಕ್ಕಾ ಅಂದ್ರೆ, "ಯಾವ್ದಾದ್ರೇನು, ಬರ್ಲಿಲ್ಲ ತಾನೆ?" ಅನ್ನೋಳು. ಅದೂ ಸರಿಯೇ.

ಜಯನಗರದಲ್ಲಿ ಅಕ್ಕನ ಹತ್ರ ಸೊಪ್ಪು ಕೊಳ್ತಿದ್ದ ಸತ್ಯಭಾಮಮ್ನೋರ ಮನೇಲಿ ರೇಡಿಯೋ ಇತ್ತು. ಆಯಮ್ಮ ಸೊಪ್ಪು ಆರಿಸೋವಷ್ಟು ಹೊತ್ತು ಅಕ್ಕ ಮೆಟ್ಟಿಲ ಮೇಲೆ ಕೂತು ಹಾಡು ಕೇಳಿ, ಕೇಳಿದಷ್ಟನ್ನ ಊರಿಗೆ ತರೋಳು. ಅಲ್ಲಿ ಯಾರೋ "ಕರುಣದ ಸಾಗರ ಕಾಯೋ ಇನ್ನ" ಅಂತ ದೇವರನ್ನ ಬೇಡ್ಕೊಂಡಿದ್ರೆ, ನಮ್ಮೂರಿಗೆ ಬರೋ ಹೊತ್ಗೆ ಅದು "ಕರಿಬೇವ್ ಸಾರಿಗೆ ಕಾಯಿ ಹಾಕೆ ಹೆಣ್ಣೆ" ಆಗೋದು. ಇನ್ನೇನಾಗುತ್ತೆ, ಸೊಪ್ಪು ಮಾರೋ ಹೆಂಗಸಿನ ಕಿವಿ!

ಇದರಲ್ಲಿ ದೊಡ್ಡ ಕತೆ ಏನಪ್ಪಾ ಅಂದ್ರೆ, ಊರಲ್ಲಿ ಸೋಬಾನೆ ಎತ್ಕೊಡೋಳು ಅವಳೇ. ಮದುವೆ ಚಪ್ಪರದಲ್ಲಿ ಒಬ್ಬಳು ಸೊಲ್ಲು ಎತ್ಕೊಡ್ಬೇಕು, ಮಿಕ್ಕೋರು ಅದನ್ನೇ ಹಿಂದೆ ಹೇಳ್ಬೇಕು. ಎತ್ಕೊಡೋಳು ಏನಂದ್ರೂ ಅದೇ ಹಾಡು. ಹಂಗಾಗಿ ನಮ್ಮೂರ ಮದುವೆಣ್ಣುಗಳಿಗೆಲ್ಲ ಕರಿಬೇವಿನ ಸಾರು ಹೇಳ್ಕೊಂಡೇ ಅರಿಶಿನ ಹಚ್ಚಿದ್ದು. ಗಂಡಿನ ಕಡೆಯೋರು ಬಿದ್ದು ಬಿದ್ದು ನಗೋರು. ನಮ್ಮ ಭಾವ ಜಗಲಿಯಿಂದಲೇ "ಕಾಯಿ ಅರ್ಧ ಹೋಳು ಸಾಕೇನಮ್ಮಿ?" ಅಂತ ಕೂಗೋನು. ಎಲ್ಲರಿಗಿಂತ ಜೋರಾಗಿ ನಗ್ತಿದ್ದೋಳು ಅವಳೇ.

ಒಂದಿನ ಭಾವ ಹೊಲದಲ್ಲಿ ಎದೆ ಹಿಡ್ಕೊಂಡು ಕೂತೋನು ಮತ್ತೆ ಏಳ್ಲಿಲ್ಲ.

ತಿಥಿ ಕಳೆದ ಮೇಲೆ ನಮ್ಮ ದೊಡ್ಮಾವ ತಿಮ್ಮರಾಯಪ್ಪ ಅವಳನ್ನ ಕರೆದ್ರು. ಮನೆಗೆ, ಊರಿಗೆ ಹಿರೀರು ಅವರು. "ನೋಡಮ್ಮ, ಸೋಬಾನೆ ಮುತ್ತೈದೆಯರದ್ದು. ಇನ್ನು ನೀನು ಹಾಡ್ಬೇಡ. ಮನೇಲೂ ಗುನುಗ್ಬೇಡ, ನೋಡ್ದೋರು ಏನಂದಾರು" ಅಂದ್ರು. ಅಕ್ಕ "ಆಗ್ಲಿ ಮಾವ" ಅಂದು ಒಳಗೆ ಹೋದ್ಳು. ಅಲ್ಲಿಂದಾಚೆಗೆ ಊರ ಮದುವೆಗಳಿಗೆ ಸಿದ್ದಾಪುರದಿಂದ ಯಾರೋ ಬಂದು ಎತ್ಕೊಡೋರು. ಅಕ್ಕ ಸೊಪ್ಪು ಮಾರೋಳು, ಬರೋಳು, ಮುದ್ದೆ ತಿರುವೋಳು, ಮಲಗೋಳು. ಅವಳ ಬಾಯಲ್ಲಿ ಒಂದು ಮಾತೂ ತಪ್ಪಾಗ್ತಿರ್ಲಿಲ್ಲ. ತಪ್ಪಾಡೋಕಾದ್ರೂ ಮಾತಾಡ್ಬೇಕಲ್ಲ. ಅವಳು ಅಳ್ತಿದ್ರೆ ಸಮಾಧಾನ ಮಾಡ್ಬಹುದಿತ್ತು. ಅಳ್ತಲೂ ಇರ್ಲಿಲ್ಲ. ನೋಡಿ ನೋಡಿ ನನಗೂ ಒಳಗೆ ಏನೋ ಜಡ್ಡುಗಟ್ಟಿದಂಗಾಯ್ತು.

ಎರಡು ವರ್ಷಕ್ಕೆ ಅವಳ ಮಗಳು ದೇವಿಗೆ ಮದುವೆ ಗೊತ್ತಾಯ್ತು. ಹುಡುಗಿ ನನ್ನ ಹತ್ರ ಬಂದು, "ಚಿಗವ್ವ, ನಂಗೆ ಸೀರೆ ಬ್ಯಾಡ, ವಾಲೆ ಬ್ಯಾಡ. ಅವ್ವ ಹಾಡ್ಬೇಕು. ಅಷ್ಟೇ" ಅಂದ್ಳು. ಸಿದ್ದಾಪುರದೋರು ಯಾರೂ ಬೇಡ ಅಂತ ನಾನೇ ಹೇಳಿಕಳಿಸಿ, ದೊಡ್ಮಾವನ ಮುಂದೆ ಹೋಗಿ ನಿಂತೆ.

"ಹೆತ್ತೋಳು ಮಗಳ ಮದುವೇಲಿ ಬಾಯಿ ಹೊಲ್ಕೊಂಡು ಕೂರ್ಬೇಕಾ ಮಾವ? ಈ ಶಾಸ್ತ್ರಕ್ಕಿಷ್ಟು ಬೆಂಕಿ ಹಾಕ!"

"ನಾಲಿಗೆ ಬಿಗಿ ಹಿಡಿ ಲಕ್ಷ್ಮಮ್ಮ. ನಾಳೆ ಆ ಹುಡುಗಿಗೆ ಏನಾದ್ರೂ ಆದ್ರೆ ನೀನು ಹೊಣೇನಾ?"

"ಹೊಣೆ. ದೇವ್ರ ಮುಂದೆ ದೀಪ ಆರಿಸಿ ಆಣೆ ಮಾಡ್ಲಾ?"

ಮುದುಕ ವಾರವೆಲ್ಲ ನನ್ನ ಮುಖ ನೋಡ್ಲಿಲ್ಲ. ನಾನೂ ಬಡಿಸೋವಾಗ ತಟ್ಟೆ ಕುಕ್ಕಿ ಇಟ್ಟೆ. ಕೊನೆಗೆ ದೇವೀನೇ ಹೋಗಿ ಅವರ ಕಾಲ ಹತ್ರ ಕೂತು, "ಅವ್ವ ಹಾಡ್ದಿದ್ರೆ ನಾನು ಹಸೆ ಮೇಲೆ ಕೂರಲ್ಲ ತಾತ" ಅಂದಾಗ, ಅವರು ಮುಖ ಆ ಕಡೆ ಮಾಡ್ಕೊಂಡು, "ನಡುಮನೆ ಬಾಗ್ಲಲ್ಲಿ ಕೂತು ಹಾಡ್ಲಿ. ಚಪ್ಪರಕ್ಕೆ ಬರೋದು ಬ್ಯಾಡ" ಅಂದ್ರು. ಗೆದ್ದೆ ಅಂತ ಓಡಿ ಹೋಗಿ ಅಕ್ಕನಿಗೆ ಹೇಳ್ದೆ. "ಹೂಂ" ಅಂದ್ಳು. ಖುಷಿಗೆ ಮಾತು ಬರ್ತಿಲ್ಲ ಅಂದ್ಕೊಂಡೆ. ಎಂಥ ದಡ್ಡಿ ನಾನು.

ಅರಿಶಿನದ ದಿನ ದೇವಿ ಚಪ್ಪರದಲ್ಲಿ ಹಸೆ ಮೇಲೆ ಕೂತ್ಲು. ಹೆಂಗಸರು ಸುತ್ತ ಕೂತು, ಹಿಂದೆ ಹೇಳೋಕೆ ಗಂಟಲು ಸರಿಮಾಡ್ಕೊಂಡ್ರು. ಅಕ್ಕ ನಡುಮನೆ ಹೊಸ್ತಿಲೊಳಗೆ, ಬಾಗಿಲಿಗೆ ಒರಗಿ ಕೂತಿದ್ಲು. ನಾನು ಅರಿಶಿನದ ಬಟ್ಟಲು ಹಿಡ್ಕೊಂಡು, "ಎತ್ಕೊಡಕ್ಕ" ಅಂದೆ.

ಅಕ್ಕನ ಬಾಯಿ ಅಲ್ಲಾಡ್ತು. ಸೊಲ್ಲು ಬರ್ಲಿಲ್ಲ. ಇನ್ನೊಂದ್ಸಲ ಅಲ್ಲಾಡ್ತು. ಎಲ್ರೂ ಅವಳನ್ನೇ ನೋಡ್ತಾ ಕೂತ್ರು. ಎತ್ಕೊಡೋಳು ಸೊಲ್ಲು ಕೊಡ್ದೆ ನಮ್ಮಲ್ಲಿ ಯಾರೂ ಬಾಯಿ ತೆಗಿಯಲ್ಲ, ಅದು ಅಭ್ಯಾಸವೇ ಇಲ್ಲ. ಮರೆತಿರ್ಬೇಕು ಅಂತ ನಾನು ಮೊದಲನೇ ಸೊಲ್ಲು ಮೆಲ್ಲಗೆ ನೆನಪು ಮಾಡ್ದೆ. ಅವಳು ನನ್ನ ಬಾಯನ್ನ ನೋಡಿದ್ಲು, ಅಷ್ಟೇ.

ಹೊರಗೆ ಜಗಲಿ ಮೇಲಿದ್ದ ದೊಡ್ಮಾವನಿಗೂ ಆ ಸದ್ದಿಲ್ಲದ್ದು ಕೇಳಿಸ್ತೇನೋ. ಕೋಲೂರ್ಕೊಂಡು ಎದ್ದು ಚಪ್ಪರದೊಳಗೆ ಬಂದ್ರು. "ಹಾಡಮ್ಮ" ಅಂದ್ರು. ಇನ್ನೊಂದು ಹೆಜ್ಜೆ ಹತ್ರ ಬಂದು, "ನಾನೇ ಹೇಳ್ತಿದೀನಿ. ಯಾವ್ದಾದ್ರೂ ಹಾಡು ತಾಯಿ. ತಪ್ಪಾದ್ರೂ ಹಾಡು" ಅಂದ್ರು.

ಅಕ್ಕ ತಲೆ ಮೇಲೆ ಸೆರಗು ಎಳ್ಕೊಂಡ್ಳು. ಸಿಟ್ಟಿಲ್ಲ, ಅಳು ಇಲ್ಲ. ಸೊಪ್ಪು ಮುಗೀತು ಅಂತ ಗಿರಾಕಿಗೆ ಹೇಳಿದಂಗೆ ಹೇಳಿದ್ಲು.

"ನೀವೇ ಬ್ಯಾಡ ಅಂದ್ರಲ್ಲ ಮಾವ. ಬುಟ್ಬುಟ್ಟೆ."

ಆಮೇಲೆ ನಾವು ಒಬ್ಬೊಬ್ಬರಾಗಿ ಎದ್ದು ದೇವಿಗೆ ಅರಿಶಿನ ಹಚ್ಚಿದ್ವಿ. ಬಳೆ ಸದ್ದು ಬಿಟ್ರೆ ಇನ್ನೇನೂ ಇರ್ಲಿಲ್ಲ.