ಕೂಸಿನ ಮೇಲೆ ಹಾಕಿದ ಜಡ್ಡು

ಆ ಮಧ್ಯಾಹ್ನ ಕೂಸು ತೊಟ್ಟಿಲಲ್ಲಿ ಅಳುತ್ತಿತ್ತು. ನಾನು ಪಕ್ಕದ ಹೊರಸಿನ ಮೇಲೆ ಕುಳಿತು ಅದನ್ನು ನೋಡುತ್ತಿದ್ದೆ. ನೋಡುತ್ತಿದ್ದೆ, ಅಷ್ಟೇ. ಅಡುಗೆಮನೆಯಿಂದ ಅವ್ವ ಜೋಳದ ಹಿಟ್ಟು ಮೆತ್ತಿದ ಕೈಯಲ್ಲೇ ಓಡಿಬಂದಳು. ಮೊಣಕೈಯಿಂದ ತೊಟ್ಟಿಲು ತೂಗುತ್ತ ನನ್ನ ಕಡೆ ತಿರುಗಿದಳು.

"ಬಾಜೂಕ ಕುಂತೀದಿ, ಎತ್ತಿಕೊಳ್ಳಾಕ ಏನಾಗ್ಯದ ನಿನಗ?"

"ಎತ್ತಬೇಕು ಅಂತ ಅನಸಲಿಲ್ಲವ್ವಾ."

"ಹಂಗ ಅನಬ್ಯಾಡ. ಕೂಸು ಕೇಳತದ."

"ಕೇಳ್ಲಿ. ನೀನೂ ಕೇಳು. ನನಗ ಆರಾಮಿಲ್ಲ. ದವಾಖಾನಿಗಿ ಕರಕೊಂಡು ಹೋಗು."

ಚೊಚ್ಚಲ ಹೆರಿಗೆಗೆಂದು ನಾನು ಬಸವಕಲ್ಯಾಣದ ತವರಿಗೆ ಬಂದಿದ್ದೆ. ಬಾಣಂತಿಯ ದೇಹವನ್ನು ಹೇಗೆ ಕಾಯಬೇಕೆಂಬುದು ಅವ್ವನಿಗೆ ಚೆನ್ನಾಗಿ ಗೊತ್ತಿತ್ತು. ಹೊರಸಿನ ಕೆಳಗೆ ಶೇಗಡಿಯ ಕೆಂಡ, ಕೋಣೆ ತುಂಬ ಲೋಬಾನದ ಹೊಗೆ, ಕಿವಿಯಲ್ಲಿ ಅರಳೆ, ಅದು ಜಾರದಂತೆ ಗದ್ದದ ಕೆಳಗಿನಿಂದ ಬಿಗಿದ ತಲೆಬಟ್ಟೆ. ಆ ಆರೈಕೆಯಲ್ಲಿ ಒಂದು ಎಳೆಯಷ್ಟೂ ಲೋಪವಿರಲಿಲ್ಲ. ಆದರೆ ಬಾಯಿಗಿಟ್ಟ ಅನ್ನ ಮಣ್ಣಿನಂತಿತ್ತು. ಕೂಸು ಮಲಗಿದಾಗಲೂ ನನಗೆ ನಿದ್ದೆ ಹತ್ತುತ್ತಿರಲಿಲ್ಲ. ಕಾರಣವಿಲ್ಲದೆ ಅಳು ಬರುತ್ತಿತ್ತು. ನಾನಿಲ್ಲದಿದ್ದರೆ ಈ ಮನೆಯ ಭಾರ ಇಳಿದೀತು ಎಂಬ ಯೋಚನೆಯೂ ಒಂದು ದಿನ ಬಂದು ಮಗ್ಗುಲಲ್ಲಿ ಕುಳಿತಿತು. ಅದು ಬಂದಾಗ ನಾನು ನಿಜವಾಗಿ ಹೆದರಿದೆ.

ಈ ಸ್ಥಿತಿಯ ಹೆಸರು ನನಗೆ ಗೊತ್ತಿತ್ತು. ವಿಶ್ವವಿದ್ಯಾಲಯದಲ್ಲಿ ಓದಿ, ಪರೀಕ್ಷೆಯಲ್ಲಿ ಬರೆದು, ಅಂಕ ಪಡೆದಿದ್ದೆ: ಪ್ರಸವೋತ್ತರ ಖಿನ್ನತೆ. ಅಷ್ಟು ದೊಡ್ಡ ಪದವನ್ನು ಅವ್ವನ ಮುಂದೆ ಇಡುವುದು ಹೇಗೆಂದು ತಿಳಿಯದೆ "ಆರಾಮಿಲ್ಲ" ಎಂದೆ. ಅದೇ ಸರಿಯಾದ ಪದವಾಗಿತ್ತು.

ಹಾಗಾದರೆ ಅಲ್ಲಿಯವರೆಗೆ ಯಾರೂ ಯಾಕೆ ಕೇಳಲಿಲ್ಲ? ಹೆರಿಗೆಯಾದ ಆಸ್ಪತ್ರೆಯವರು ಕಳಿಸುವ ಮುನ್ನ ಹೊಲಿಗೆ ನೋಡಿದರು. ಮನೆಗೆ ಬಂದ ಆರೋಗ್ಯ ಕಾರ್ಯಕರ್ತೆ ಕೂಸನ್ನು ತೂಗಿದಳು. ಅತ್ತೆಯ ಮನೆಯವರು ಕೂಸಿನ ಮೂಗು ಯಾರ ಕಡೆಯದೆಂದು ಚರ್ಚಿಸಿ, ತಮ್ಮ ಕಡೆಯದೇ ಎಂದು ತೀರ್ಪು ಕೊಟ್ಟು ಹೋದರು. ಭಾಲ್ಕಿಯಲ್ಲಿ ಶಾಲಾ ಮಾಸ್ತರನಾಗಿರುವ ನನ್ನ ಗಂಡ ದಿನವೂ ಫೋನು ಮಾಡಿ ಕೂಸು ಹಾಲು ಕುಡಿಯಿತೇ ಎಂದು ವಿಚಾರಿಸುತ್ತಿದ್ದ. ಇವರಲ್ಲಿ ಒಬ್ಬರೂ ಕೆಟ್ಟವರಲ್ಲ. ನನ್ನ ಸಿಟ್ಟಿಗೆ ಅದೇ ಕಾರಣ. ಕೆಟ್ಟವರಿಂದ ಉತ್ತರ ಕೇಳಿ ಪ್ರಯೋಜನವಿಲ್ಲ. ಒಳ್ಳೆಯವರು ಉತ್ತರ ಕೊಡಲೇಬೇಕು. "ನೀ ಹ್ಯಾಂಗಿದ್ದಿ" ಎಂಬ ಎರಡು ಮಾತಿಗೆ ಯಾವ ಯಂತ್ರ ಬೇಕಿತ್ತು, ಯಾವ ಅನುದಾನ ಬೇಕಿತ್ತು?

ಅವ್ವನ ಕಷ್ಟ ಬೇರೆಯದಾಗಿತ್ತು. ಗಂಗಿ ಪೂಜೆ ಇನ್ನೂ ಆಗಿರಲಿಲ್ಲ. ಬಾಣಂತಿ ಮೊದಲ ಸಲ ಹೊಸ್ತಿಲು ದಾಟುವುದು ಆ ಪೂಜೆಗಾಗಿ, ನೀರಿಗೆ ಅರಿಶಿನ ಕುಂಕುಮ ಏರಿಸಲಿಕ್ಕೆ. ಅದಕ್ಕೆ ಮೊದಲು ಅವಳು ಎಲ್ಲಿಗೂ ಹೋಗುವಂತಿಲ್ಲ. ಇನ್ನು ಅಪ್ಪನದು ಮಾರ್ಕೆಟ್ಟಿನಲ್ಲಿ ಅರಿವೆ ಅಂಗಡಿ. ಊರಿನ ಅರ್ಧ ಜನ ನಮ್ಮ ಗಿರಾಕಿಗಳು.

"ಇಲ್ಲಿ ಬ್ಯಾಡ," ಎಂದಳು ಅವ್ವ ಮೂರನೆಯ ದಿನ. "ಹುಮನಾಬಾದಿಗಿ ಹೋಗಾಮು. ಅಲ್ಲಿ ನಮ್ಮ ಗುರುತಿನವರು ಯಾರೂ ಇಲ್ಲ."

ಹುಮನಾಬಾದಿಗೆ ವಾರಕ್ಕೊಮ್ಮೆ ಮನಸ್ಸಿನ ವೈದ್ಯೆಯೊಬ್ಬರು ಬರುತ್ತಾರೆಂದು ನಾನಾಗಲೇ ವಿಚಾರಿಸಿಕೊಂಡಿದ್ದೆ. ಆ ದಿನ ಬೆಳಿಗ್ಗೆ ಅವ್ವ ನನ್ನನ್ನು ಯಾರೂ ಗುರುತಿಸಬಾರದೆಂದು ಸೆರಗನ್ನು ಹಣೆಯವರೆಗೆ ಎಳೆದಳು. ಆದರೆ ತಲೆಬಟ್ಟೆ ಬಿಚ್ಚಲು ಒಪ್ಪಲಿಲ್ಲ. ಬಾಣಂತಿಗೆ ಗಾಳಿ ಹೊಡೆದರೆ ಏನು ಗತಿ? ಹೀಗೆ, ಗುಟ್ಟಾಗಿ ಹೊರಟ ನನ್ನ ತಲೆಯ ಮೇಲೆಯೇ ನಾನು ಬಾಣಂತಿ ಎಂಬ ಡಂಗುರ ಇತ್ತು.

ಬಸ್ಸು ಹೆಂಗಸರಿಂದ ತುಂಬಿತ್ತು. ನಾರಾಯಣಪುರದ ವಯಸ್ಸಾದ ಆಯಿಯೊಬ್ಬಳು ನನ್ನ ತಲೆಬಟ್ಟೆ ಕಂಡದ್ದೇ ಮುಂದಿನ ಸೀಟಿನ ಹುಡುಗನ ಭುಜ ತಿವಿದಳು. "ಏ ತಮ್ಮಾ, ಏಳು. ಮೊಬೈಲ್ ನಿಂತೂ ನೋಡಾಕ ಬರತದ." ನಾನು ಕುಳಿತ ಮೇಲೆ ನನ್ನ ಮಡಿಲಲ್ಲಿದ್ದ ಕೂಸಿನತ್ತ ಬಗ್ಗಿದಳು. "ಇಷ್ಟ ಹಸಿ ಬಾಣಂತಿ ಎಲ್ಲಿಗಿ ಹೊಂಟೀರಿ? ಕೂಸಿಗಿ ಏನಾಗ್ಯದ?"

"ನೆಗಡ್ಯಾಗ್ಯದ್ರಿ," ಎಂದಳು ಅವ್ವ. "ಎದಿ ಗುರುಗುರು ಅನ್ನತದ."

ಆಯಿ ಕೂಸಿನ ಎದೆಗೆ ಕಿವಿ ಹಚ್ಚಿದಳು. "ಎಲ್ಲಿ ಗುರುಗುರು? ಪಟೇಲನ ಗತೆ ಗೊರಕಿ ಹೊಡ್ಯಾಕತ್ತದ."

"ಜ್ವರಾನೂ ಬಂದಿತ್ರಿ."

"ಮೈ ತಣ್ಣಗದಲ್ಲ."

"ಬಂದು ಹೋಗ್ಯದ್ರಿ. ಹೊಟ್ಟಿನೂ ಕೆಟ್ಟದ."

ಬಸ್ಸು ಬಂಗ್ಲಾ ಎಂಬ ಕೂಡುರಸ್ತೆ ದಾಟಿ ಹೆದ್ದಾರಿ ಹಿಡಿಯುವ ಹೊತ್ತಿಗೆ ನನ್ನ ಮಗಳಿಗೆ ಇಲ್ಲದ ರೋಗವಿರಲಿಲ್ಲ. ಒಬ್ಬಾಕೆ ಬಜೆ ತೇಯಿರಿ ಎಂದಳು, ಇನ್ನೊಬ್ಬಾಕೆ ಅಜವಾನದ ಶಾಖ ಕೊಡಿರಿ ಎಂದಳು. ಹಿಂದಿನ ಸೀಟಿನ ಹೆಂಗಸು ಅವ್ವನಿಗೆ ಬೈಯತೊಡಗಿದಳು: "ಇಷ್ಟು ಬಿಮಾರ ಕೂಸಿಗಿ ಗಾಳ್ಯಾಗ ತಂದೀರಲ್ಲ, ಅಕಲ್ ಅದನೋ ಇಲ್ಲೋ? ರಾಜೇಶ್ವರದಾಗ ಇಳದು ತಿರುಗಿ ಹೋಗ್ರಿ." ಅವ್ವ ನನ್ನ ಕಡೆ ನೋಡಿದಳು. ಇಳಿಯೋಣವೇ ಎಂದು ಅವಳ ಕಣ್ಣು ಕೇಳುತ್ತಿತ್ತು.

ಮಡಿಲಲ್ಲಿ ಕೂಸು ನಿಶ್ಚಿಂತೆಯಿಂದ ಮಲಗಿತ್ತು. ಅದರ ಮೇಲೆ ನನಗೆ ಆಗ ಪ್ರೀತಿ ಉಕ್ಕಿತೆಂದು ಬರೆದರೆ ಸುಳ್ಳಾಗುತ್ತದೆ. ಉಕ್ಕಿದ್ದು ನ್ಯಾಯದ ಸಿಟ್ಟು. ನನ್ನ ಜಡ್ಡನ್ನು ಹೊರಲು ಇದೇನು ಮಾಡಿದೆ? ಇಂದು ಇಳಿದರೆ ನಾನು ಮತ್ತೆ ಆ ಕೋಣೆಗೆ, ಮಗ್ಗುಲಲ್ಲಿ ಕಾದಿರುವ ಆ ಯೋಚನೆಯ ಬಳಿಗೇ ಹೋಗಬೇಕು.

"ಕೂಸು ಛಲೋ ಅದ," ಎಂದೆ. ಬಸ್ಸಿನ ಸದ್ದಿಗೆ ಕೇಳದೆ ಹೋದೀತೆಂದು ಇನ್ನಷ್ಟು ಗಟ್ಟಿಯಾಗಿ ಹೇಳಿದೆ. "ಅದಕ್ಕ ಏನೂ ಆಗಿಲ್ಲ. ಆರಾಮಿಲ್ಲದ್ದು ನನಗ. ಹಡದಾಗಿನಿಂದ ಮನಸ್ಸಿಗಿ ಆರಾಮಿಲ್ಲ. ಡಾಕ್ಟರಿಗಿ ತೋರಸಾಕ ಹೊಂಟೀನಿ."

ಅವ್ವ ಕಿಟಕಿಯ ಕಡೆ ಮುಖ ತಿರುಗಿಸಿದಳು.

"ಇದು ಓದಿದವರ ಬ್ಯಾನಿ," ಎಂದಳು ಹಿಂದಿನಾಕೆ. "ನಾವು ಐದು ಹಡದೀವಿ. ಮನಸ್ಸು ಎಲ್ಲದ ಅಂತ ಹುಡುಕಾಕ ಪುರಸತ್ ಇರಲಿಲ್ಲ."

"ಖರೆ ಅದ ಕಾಕೂ. ಐದು ಸಲದಾಗ ಒಮ್ಮಿಯರ ನಿಮಗ ಯಾರರ ಕೇಳಿದ್ರೇನು, ನೀ ಹ್ಯಾಂಗಿದ್ದಿ ಅಂತ?"

"ಯಾರ ಕೇಳತಾರವ್ವಾ," ಎಂದಳು ಆಕೆ. ಆ ದನಿಯಲ್ಲಿ ಜಗಳವಿರಲಿಲ್ಲ. ಆಯಿ ಮಾತ್ರ ಕೂಸನ್ನು ನನ್ನ ಮಡಿಲಿಂದ ಎತ್ತಿಕೊಂಡು, "ಹಂಗಾದ್ರ ನೀ ಜರಾ ಕಣ್ಣು ಮುಚ್ಚು. ಹುಮನಾಬಾದ್ ಬಂದ್ರ ಎಬ್ಬಸ್ತೀನಿ," ಎಂದಳು. ಇಳಿಯುವಾಗ, ಕಂಕುಳಲ್ಲಿ ಪುಟ್ಟ ಕೂಸಿದ್ದ ಒಬ್ಬಳು ನನ್ನ ಪಕ್ಕಕ್ಕೆ ಬಂದು, ಯಾರಿಗೂ ಕೇಳದಂತೆ, "ಅಕ್ಕಾ, ಆ ಡಾಕ್ಟರ್ ಯಾವ ವಾರ ಕೂಡತಾರ್ರಿ?" ಎಂದಳು. ಹೇಳಿದೆ.

ನಾನು ವೇದಿಕೆಗಳ ಮೇಲೆ ಮಾತಾಡಿದ್ದೇನೆ, ಚಪ್ಪಾಳೆ ಪಡೆದಿದ್ದೇನೆ. ಆದರೆ ನನ್ನ ಬಾಯಿಂದ ಬಂದ ಮಾತುಗಳಲ್ಲಿ ನನಗೆ ಹೆಮ್ಮೆ ತರುವುದು ಆ ಬಸ್ಸಿನಲ್ಲಿ ಆಡಿದ್ದೇ. ಬಸ್ಸಿಳಿದದ್ದೇ ಅವ್ವ ನನ್ನತ್ತ ತಿರುಗದೆ ದವಾಖಾನೆಯವರೆಗೂ ಮುಂದೆ ಮುಂದೆ ನಡೆದಳು. ಚೀಟಿ ಬರೆಯುವ ಕಿಟಕಿಯಲ್ಲಿ ಒಳಗಿನವನು ತಲೆ ಎತ್ತದೆಯೇ, "ಪೇಶೆಂಟ್ ಯಾರು, ಕೂಸಾ?" ಎಂದ.

ಅವ್ವ ಸೆರಗು ಸರಿಪಡಿಸಿಕೊಂಡಳು.

"ಕೂಸಲ್ರಿ," ಎಂದಳು. "ಕೂಸಿನ ತಾಯಿ. ನನ್ನ ಮಗಳು. ಮನಸ್ಸಿನ ಡಾಕ್ಟರಿಗಿ ಬರೀರಿ."

ವೈದ್ಯೆ ಮೊದಲು ಕೇಳಿದ್ದು ನಾನು ಇಷ್ಟು ದಿನ ಕಾದ ಆ ಪ್ರಶ್ನೆಯನ್ನೇ. ಮಗ್ಗುಲಲ್ಲಿ ಕುಳಿತ ಯೋಚನೆಯನ್ನೂ ಮುಚ್ಚಿಡದೆ ಹೇಳಿದೆ. ಅವರು ಗಾಬರಿಯಾಗಲಿಲ್ಲ, ಇದು ವಾಸಿಯಾಗುವ ಕಾಯಿಲೆ ಎಂದರು. ಹಾಲೂಡಿಸುವವರಿಗೆ ಹೊಂದುವ ಮಾತ್ರೆ ಬರೆದು, ಮತ್ತೆ ಮತ್ತೆ ಬರಬೇಕೆಂದರು. ಅವ್ವನನ್ನು ಒಳಗೆ ಕರೆದು, ನನ್ನನ್ನು ಒಂಟಿಯಾಗಿ ಬಿಡಬಾರದೆಂದೂ ನನಗೆ ನಿದ್ದೆ ಬೇಕೆಂದೂ ತಿಳಿಸಿದರು. ಭಾಲ್ಕಿಯ ಮಾಸ್ತರನಿಗೆ ಆ ಸಂಜೆ ಅವ್ವನೇ ಫೋನು ಹಚ್ಚಿದಳು: "ಹಾಲಿಂದು ಆಮ್ಯಾಲ ಕೇಳ್ರಿ. ಮೊದಲ ಆಕಿಗಿ ಕೇಳ್ರಿ." ಅವನು ರಜೆ ಹಾಕಿ ಬಂದ.

ಗಂಗಿ ಪೂಜೆ ತಡವಾಗಿ ಆಯಿತು. ನಮ್ಮ ಹಿತ್ತಲಿನ ಬೋರಿಗೆ ನಾನು ಅರಿಶಿನ ಹಚ್ಚುತ್ತಿದ್ದಾಗ ನೆರೆಮನೆಯಾಕೆ ಎಲ್ಲರಿಗೂ ಕೇಳುವಂತೆ ನಕ್ಕಳು. "ನೀರಿಗಿ ಬರೂದಕ್ಕ ಮೊದಲೇ ನಿನ್ನ ಮಗಳು ಊರು ಸುತ್ತಿ ಬಂದಾಳಂತಲ್ಲ?"

"ಬಂದಾಳ," ಎಂದಳು ಅವ್ವ, ತುಂಬಿದ ಕೊಡವನ್ನು ನನ್ನ ಸೊಂಟಕ್ಕೆ ಏರಿಸುತ್ತ. "ನಾನೇ ಕರಕೊಂಡು ಹೋಗಿದ್ದೆ, ಹುಮನಾಬಾದ್ ದವಾಖಾನಿಗಿ. ಮನಸ್ಸಿಗಿ ಆರಾಮಿರಲಿಲ್ಲ, ಆಗಾಕತ್ತದ. ನಿನ್ನ ಸೊಸಿನೂ ಹಡದಾಳಲ್ಲ, ಆಕಿಗಿ ಕೇಳೀದೇನು?"

ಒಳಗೆ ಕೂಸು ಅಳತೊಡಗಿತು. ಕೊಡ ಇಳಿಸಿ ಹೋಗಿ ಎತ್ತಿಕೊಂಡೆ. ಎತ್ತಬೇಕೆಂದು ಅನಿಸಿತ್ತು. ಮರುದಿನ ಹಾಗೆ ಅನಿಸಲಿಲ್ಲ. ಅದನ್ನೂ ಅವ್ವನಿಗೆ ಹೇಳಿದೆ. ಅವಳು ಹಿಟ್ಟಿನ ಕೈ ತೊಳೆದುಕೊಂಡು ಬಂದು ನನ್ನ ಪಕ್ಕದಲ್ಲಿ ಕುಳಿತಳು.