ನಡುವಿನ ಗಂಟೆಯವನು

ನಾನು ಜೋಳದ ರೊಟ್ಟಿ ತಟ್ಟತೊಡಗಿದರೆ ಆ ಸ್ಲೊವೇನಿಯಾದವನು ಅಡುಗೆಮನೆಯ ಬಾಗಿಲಿಗೆ ಬಂದು ನಿಲ್ಲುತ್ತಿದ್ದ. ತಿನ್ನುವ ಆಸೆಯೇನೋ ಎಂದುಕೊಂಡಿದ್ದೆ. ಮಹಾಶಯನಿಗೆ ಬೇಕಾದದ್ದು ಆ ಟಪಟಪ ಸದ್ದು. ಪರದೇಶದಲ್ಲಿ ನಾವಿದ್ದ ಊರಿನ ಸೆಲೆಟಾರ್ ಏರ್‌ಪೋರ್ಟಿನಲ್ಲಿ ನಮ್ಮ ಯಜಮಾನರ ಜೊತೆ ವಿಮಾನ ರಿಪೇರಿ ಮಾಡುತ್ತಿದ್ದ, ಸೆರಂಗೂನ್ ಬಡಾವಣೆಯ ನಮ್ಮ ಫ್ಲಾಟುಗಳ ಬ್ಲಾಕಿನಲ್ಲೇ ಒಬ್ಬನೇ ಇದ್ದ. ಎರಡು ಸಾವಿರದ ಆರು, ಏಳರ ಮಾತು. ಆಗ ಎಲ್ಲರಿಗೂ ಕೈತುಂಬ ಓವರ್‌ಟೈಮ್. ರಜೆ ಕೇಳಿದರೆ ಮಾತ್ರ ಮೇಲಿನವರ ಮುಖ ಹುಳ್ಳಗಾಗುತ್ತಿತ್ತು.

ಅವನ ಊರು ತೀರಾ ಸಣ್ಣದು. ಒಂದು ಚರ್ಚು, ಸುತ್ತ ಒಂದಿಷ್ಟು ಮನೆ, ಹುಲ್ಲು ಒಣಗಿಸುವ ಮರದ ಚಪ್ಪರಗಳು. ಚರ್ಚಿನ ಗೋಪುರದಲ್ಲಿ ಮೂರು ಗಂಟೆ. ಹಬ್ಬದ ದಿನ ಮೂವರು ಮೇಲೆ ಹತ್ತಿ, ಗಂಟೆಯ ನಾಲಿಗೆಯನ್ನೇ ಕೈಯಲ್ಲಿ ಹಿಡಿದು ಬಡಿಯುತ್ತಾರೆ. ಒಬ್ಬನ ಏಟು ಇನ್ನಿಬ್ಬರ ಏಟಿನ ಸಂದಿಯಲ್ಲೇ ಬೀಳಬೇಕು. ನಡುವಿನ ಗಂಟೆ ಇವನದು, ಅಪ್ಪ ತೀರಿಕೊಂಡ ಮೇಲೆ ಬಂದದ್ದು. ನನ್ನ ರೊಟ್ಟಿ ಒಂದು ಗಂಟೆ, ನಮ್ಮವರ ಕೈಯ ಚಮಚ, ತಟ್ಟೆ ಇನ್ನೊಂದು ಎಂದು ಮಾಡಿ ನಮಗೂ ಕಲಿಸಲು ನೋಡಿದ. ತಾಳಕ್ಕೂ ನಮ್ಮವರಿಗೂ ಎಣ್ಣೆ ಸೀಗೆಕಾಯಿ ಸಂಬಂಧ.

“ಅಂಕಲ್, ಪಪ್ಪಾ ಔಟ್ ಲಾ!” ಎಂದು ಮಗಳು ಕುಣಿಯುತ್ತಿದ್ದಳು. ಅಷ್ಟರಲ್ಲಿ ರೊಟ್ಟಿ ಸೀದಿರುತ್ತಿತ್ತು.

ಆಗಸ್ಟಿನ ಹಬ್ಬಕ್ಕೆ ಅವನು ಪ್ರತಿವರ್ಷ ಹೋಗುತ್ತಿದ್ದ. ಒಂದು ವರ್ಷ ಹ್ಯಾಂಗರಿನಲ್ಲಿ ಕೆಲಸ ಮುಗಿಯದೆ ರಜೆ ಸಿಗಲಿಲ್ಲ. ಇಬ್ಬರಿಂದ ಆಗದೆ ಊರಲ್ಲಿ ಆ ಸಲ ಗಂಟೆ ಬಡಿಯಲೇ ಇಲ್ಲ. ಅದು ಅವನನ್ನು ವರ್ಷವಿಡೀ ಕೊರೆಯಿತು. ಮರುವರ್ಷ ಹಟ ಹಿಡಿದು ಮೊದಲೇ ಟಿಕೆಟ್ ಬುಕ್ ಮಾಡಿದ.

ಹೊರಡಲು ಒಂದು ವಾರವಿದ್ದಾಗ, ನಮ್ಮಲ್ಲಿ ಊಟಕ್ಕೆ ಕೂತವನಿಗೆ ಚಿಕ್ಕಪ್ಪನ ಮಗನ ಫೋನ್ ಬಂತು. ಸ್ಪೀಕರಿಗೆ ಹಾಕಿದ. ಗಂಟೆಗಳ ಸದ್ದು, ಮೂರರದೂ. ಆಮೇಲೆ ಅವರ ಭಾಷೆಯಲ್ಲಿ ಉತ್ಸಾಹದ ಮಾತು.

“ಮಷೀನ್ ಹಾಕಿಸಿದಾರಂತೆ,” ಅಂದ ನಮಗೆ. “ಇನ್ಮೇಲೆ ನೀನು ಗೋಪುರ ಹತ್ತೋದೇ ಬೇಡ, ಕೆಳಗೆ ಆರಾಮಾಗಿ ಕೂತು ಬಿಯರ್ ಕುಡಿ ಅಂತಿದಾನೆ.”

“ಒಳ್ಳೇದೇ ಆಯ್ತಲ್ಲ, ಫುಲ್ ಎಂಜಾಯ್ ಮಾಡು,” ಅಂದರು ನಮ್ಮವರು. ನನಗೆ ಸಿಟ್ಟು ನೆತ್ತಿಗೇರಿತು.

“ಚೆನ್ನಾಗಿ ಬಡಿಯುತ್ತಾ?” ಎಂದು ಕೇಳಿದೆ.

“ಒಂದು ಏಟೂ ತಪ್ಪಲ್ಲ.” ಫೋನನ್ನು ತಟ್ಟೆಯ ಪಕ್ಕಕ್ಕಿಟ್ಟ. “ನಮ್ಮಪ್ಪಂದು ಕೊನೇ ಏಟು ಯಾವಾಗ್ಲೂ ಒಂಚೂರು ಲೇಟು. ಬಲಗೈ ಬೆರಳು ಮುರಿದಿತ್ತು. ಅವರನ್ನ ನೋಡಿ ಕಲಿತವನು ನಾನು, ನಂದೂ ಲೇಟು. ಊರೋರಿಗೆಲ್ಲ ಅದೇ ಅಭ್ಯಾಸ ಆಗಿತ್ತು. ಈಗ ಸರಿ ಮಾಡಿಬಿಟ್ಟಿದಾರೆ.”

ಆ ಆಗಸ್ಟಿನಲ್ಲಿ ಅವನು ಹೋಗಲಿಲ್ಲ. ಹಬ್ಬದ ದಿನವೂ ಹ್ಯಾಂಗರಿನಲ್ಲೇ ಇದ್ದ. ಅವನಿಲ್ಲ ಅಂತ ಈ ಸಲ ಅಲ್ಲಿ ಏನೂ ನಿಲ್ಲಲಿಲ್ಲ. ನನಗೆ ಇವತ್ತಿಗೂ ಸಂಕಟವಾಗುವುದು ಅದಕ್ಕೇ.