ಅಂಟಕ್ಕನ ಮೂರು ಕಪಾಟುಗಳು

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ ಇದೆ. ಗ್ರಂಥಾಲಯದ ಮುಂಬಾಗಿಲಿಗೆ ಬೀಗ. ಹಿಂಬದಿಯ ಕಿರುಬಾಗಿಲಿನಿಂದ ಇಳಿದರೆ ಸಿಗುವ ನೆಲಮಾಳಿಗೆಯ ಕೋಣೆಯಲ್ಲಿ ಮಾತ್ರ ದೀಪ ಉರಿಯುತ್ತಿದೆ. ಸಣ್ಣ ಒಲೆಯ ಮೇಲೆ ಅಗಲ ಬಾಯಿಯ ಪಾತ್ರೆ. ಅದರಲ್ಲಿ ಮೈದಾ ಹಿಟ್ಟು, ನೀರು, ಹುಳ ಬರದಿರಲೆಂದು ಚಿಟಿಕೆ ಮೈಲುತುತ್ತ. ಐವತ್ತೆಂಟು ವರ್ಷದ ಹೆಂಗಸೊಬ್ಬರು ಮರದ ಸೌಟಿನಿಂದ ಅದನ್ನು ಒಂದೇ ಸಮನೆ ತಿರುವುತ್ತಿದ್ದಾರೆ.

"ಕೈ ಬಿಟ್ರೆ ಗಂಟು ಕಟ್ಟುತ್ತೆ. ಗಂಟಿರೋ ಅಂಟು ಹಚ್ಚಿದ್ರೆ ಪುಸ್ತಕದ ಬೆನ್ನು ಗೂನಾಗುತ್ತೆ. ಆಮೇಲೆ ಅದು ಯಾವ ಕಪಾಟಲ್ಲೂ ನೆಟ್ಟಗೆ ನಿಲ್ಲಲ್ಲ, ನನ್ನ ಹಾಗೆ," ಎಂದು ಅವರು ಸೊಂಟದ ಮೇಲೆ ಕೈಯಿಟ್ಟು ನಗುತ್ತಾರೆ.

ಗ್ರಂಥಾಲಯದ ಮಂದಿಗೆಲ್ಲ ಇವರು ಅಂಟಕ್ಕ. ಮೂವತ್ತೊಂದು ವರ್ಷಗಳಿಂದ ಇಲ್ಲಿ ಹರಿದ ಪುಸ್ತಕಗಳಿಗೆ ಬೈಂಡಿಂಗ್ ಮಾಡುತ್ತಿದ್ದಾರೆ. ದಿನಕ್ಕೆ ಎಂಟು ಪುಸ್ತಕ. ಲೆಕ್ಕ ಹಾಕಿದರೆ ಅರವತ್ತು ಸಾವಿರ ದಾಟುತ್ತದೆ. ಊರಿನ ಅರ್ಧ ಜನ ಅವರ ಹೊಲಿಗೆಯನ್ನು ಕೈಯಲ್ಲಿ ಹಿಡಿದವರೇ, ಆದರೆ ಅವರ ಮುಖ ಕಂಡವರು ಬೆರಳೆಣಿಕೆಯಷ್ಟು. ಬೈಂಡಿಂಗ್ ಚೆನ್ನಾಗಿದ್ದರೆ ಯಾರೂ ಅದನ್ನು ನೋಡುವುದಿಲ್ಲ. ನೋಡಿದರೆಂದರೆ ಕಿತ್ತುಹೋಗಿದೆ ಎಂದೇ ಅರ್ಥ.

ಕೋಣೆಗೆ ಬರುವ ಪ್ರತಿ ಪುಸ್ತಕವೂ ಮೊದಲು ಗೋಡೆಗೆ ಆತುಕೊಂಡಿರುವ ಮೂರು ಕಪಾಟುಗಳಲ್ಲಿ ಒಂದನ್ನು ಸೇರಬೇಕು. ಇದು ಗ್ರಂಥಾಲಯದ ನಿಯಮವಲ್ಲ, ಅಂಟಕ್ಕನ ಸ್ವಂತ ಪದ್ಧತಿ. ವಯಸ್ಸಾಗಿ ಸವೆದವು ಮೊದಲನೆಯದಕ್ಕೆ. ಕೊಳಾಯಿ ಒಡೆದು ನೆನೆದವು, ಇಲಿ ಕಡಿದವು, ಕೈತಪ್ಪಿ ಮೆಟ್ಟಿಲಿನಿಂದ ಉರುಳಿದವು ಎರಡನೆಯದಕ್ಕೆ. ಮನುಷ್ಯರೇ ಕೈಯಾರೆ ಕೆಡಿಸಿದವು, ಅಂದರೆ ಪುಟ ಹರಿದುಕೊಂಡದ್ದು, ಚಿತ್ರ ಕತ್ತರಿಸಿಕೊಂಡದ್ದು, ಲೋಟ ಇಟ್ಟು ಕಲೆ ಮಾಡಿದ್ದು ಮೂರನೆಯದಕ್ಕೆ.

"ಹೇಗೆ ಕೆಟ್ಟಿತು ಅಂತ ತಿಳೀದೆ ಹೇಗೆ ರಿಪೇರಿ ಮಾಡೋದು? ವಯಸ್ಸಾದದ್ದಕ್ಕೆ ಗಟ್ಟಿ ದಾರ ಬೇಕು. ನೆನೆದದ್ದಕ್ಕೆ ಗಾಳಿ ಬೇಕು. ಮೂರನೇ ಕಪಾಟಿಂದಕ್ಕೆ ಮೊದ್ಲು ಒಂದ್ಸಲ ಬಾಯ್ತುಂಬ ಬೈಬೇಕು, ಆಮೇಲೆ ಹೊಲಿಗೆ."

ಮೂರನೆಯ ಕಪಾಟಿನ ತುದಿಯಲ್ಲಿ ಬಟ್ಟೆಯಲ್ಲಿ ಸುತ್ತಿದ ಒಂದು ಪುಸ್ತಕ ಒಂದೂವರೆ ವರ್ಷದಿಂದ ಹಾಗೇ ಇದೆ. ಹೊಲಿದಿಲ್ಲ, ಬಿಸಾಡಿಲ್ಲ. ಅದರತ್ತ ಕೈ ತೋರಿಸಿದರೆ ಅಂಟಕ್ಕನ ಸೌಟು ನಿಧಾನವಾಗುತ್ತದೆ. ಅಂಟು ಅಡಿ ಹಿಡಿಯುವ ವಾಸನೆ ಬಂದ ಮೇಲೆಯೇ ಅವರಿಗೆ ಎಚ್ಚರ.

ಆ ಪುಸ್ತಕವನ್ನು ಕೆಳಗೆ ಕಳಿಸಿದವರು ಮೇಲಿನ ಮಹಡಿಯ ಕಾರ್ಡಮ್ಮ. ಪುಸ್ತಕಗಳ ವಿವರವನ್ನು ಕಾರ್ಡುಗಳ ಮೇಲೆ ಗುಂಡಗೆ ಬರೆದಿಡುವುದು ಅವರ ಕೆಲಸ. ಇಬ್ಬರೂ ಒಂದೇ ವಾರದಲ್ಲಿ ಕೆಲಸಕ್ಕೆ ಸೇರಿದವರು. ಒಬ್ಬರು ಮೇಲೆ, ಒಬ್ಬರು ಕೆಳಗೆ. ಮಧ್ಯೆ ಇಪ್ಪತ್ತಮೂರು ಮೆಟ್ಟಿಲು.

ಇಬ್ಬರ ನಡುವೆ ಒಂದು ಕಳ್ಳ ಅಂಚೆ ಇತ್ತು. ರಿಪೇರಿಗೆ ಬಂದ ಪುಸ್ತಕದ ಪುಟ ಸರಿಯಾಗಿದೆಯೇ ಎಂದು ಬೈಂಡರ್ ಒಂದೊಂದೇ ಹಾಳೆ ಎಣಿಸಬೇಕು. ಅದನ್ನು ಬಲ್ಲ ಕಾರ್ಡಮ್ಮ ಪುಟದಂಚಿನಲ್ಲಿ ಪೆನ್ಸಿಲಿನಿಂದ ಒಂದೆರಡು ಸಾಲು ಗೀಚಿ ಕಳಿಸುತ್ತಿದ್ದರು. ಅಂಟಕ್ಕ ಓದಿ, ನಕ್ಕು, ರಬ್ಬರಿನಿಂದ ಅಳಿಸಿ, ಹೊಲಿದು ಮೇಲಕ್ಕೆ ಕಳಿಸುತ್ತಿದ್ದರು. ಅಡುಗೆ ಪುಸ್ತಕವೊಂದರಲ್ಲಿ, 'ಇದನ್ನು ಮಾತ್ರ ಮಾಡಬೇಡ, ನಾನು ಮಾಡಿ ಮರ್ಯಾದೆ ಕಳೆದುಕೊಂಡೆ' ಎಂದಿತ್ತು. ರೇಖಾಗಣಿತದ ಪುಸ್ತಕದಲ್ಲಿ, 'ನಿನ್ನ ಮೂಗಿನ ಕೋನ ಎಷ್ಟು ಡಿಗ್ರಿ?'

"ಇಪ್ಪತ್ತೆಂಟು ವರ್ಷದ ಮಾತು," ಎನ್ನುತ್ತಾರೆ ಅಂಟಕ್ಕ. "ಎಲ್ಲಾನೂ ನಾನೇ ಅಳಿಸಿದೀನಿ. ಪುಸ್ತಕ ಸ್ವಚ್ಛ ಇರ್ಬೇಕಲ್ಲ. ರಬ್ಬರಿನ ಪುಡಿ ಊದಿ ಊದಿ ಹಾರಿಸ್ತಿದ್ದೆ."

ಹನ್ನೊಂದು ಗಂಟೆಗೆ ಅರ್ಧ ಗಂಟೆ ಬಿಡುವು. ಗ್ರಂಥಾಲಯದ ಹಿಂದೆ ಪುಟ್ಟ ಕೈತೋಟ, ಅದರಲ್ಲೊಂದು ಬೆಂಚು. ಕಾರ್ಡಮ್ಮ ದಿನಾ ಅಲ್ಲಿಗೆ ಹೋಗುವ ಮುನ್ನ ಮೆಟ್ಟಿಲ ತುದಿಯಲ್ಲಿ ನಿಂತು ಕೂಗುತ್ತಿದ್ದರು: "ಬಾರೇ, ಬಿಸಿಲು ಚೆನ್ನಾಗಿದೆ." ಕೆಳಗಿನಿಂದ ಬರುತ್ತಿದ್ದ ಉತ್ತರ ಒಂದೇ: "ಈ ರಾಶಿ ಮುಗೀಲಿ ಕಣೇ." ರಾಶಿ ಮುಗಿಯಲು ಅದೇನು ಊಟದ ತಟ್ಟೆಯೇ? ಇತ್ತ ಎಂಟು ಹೋದರೆ ಅತ್ತ ಹತ್ತು ಬರುತ್ತಿದ್ದವು. ವರ್ಷಕ್ಕೆ ನಾಲ್ಕೋ ಐದೋ ಸಲ ಅಂಟಕ್ಕ ಮೇಲೆ ಹೋಗಿ ಕೂತಿದ್ದುಂಟು. ಆಗಲೂ ಮನಸ್ಸೆಲ್ಲ ಒಣಗುತ್ತಿರುವ ಅಂಟಿನ ಮೇಲೆ.

ಎರಡು ವರ್ಷಗಳ ಹಿಂದೆ ತಪಾಸಣೆಯವರು ಬರುತ್ತಾರೆಂದು ಶಾಲಾ ಪುಸ್ತಕಗಳ ದೊಡ್ಡ ರಾಶಿ ಬಂದು ಬಿತ್ತು. ಅದಕ್ಕೂ ಮೊದಲೇ ಕಾರ್ಡಮ್ಮ ಕಳಿಸಿದ್ದ, ರಟ್ಟೂ ಮೊದಲ ಹದಿನಾರು ಪುಟಗಳೂ ಇಲ್ಲದ ಹಳೆಯ ಪುಸ್ತಕವೊಂದು ಆ ರಾಶಿಯ ಅಡಿ ಸೇರಿತು. ಒಂದು ದಿನ ಕಾರ್ಡಮ್ಮ ತಾವೇ ಇಳಿದು ಬಂದು ಕೇಳಿದರು, "ಆ ಪುಸ್ತಕ ನೋಡಿದ್ಯೇನೇ?" ಅಂಟಕ್ಕ ತಲೆಯೆತ್ತದೆ ಅದೇ ಉತ್ತರ ಕೊಟ್ಟರು. "ಆಯ್ತು ಬಿಡು, ಅವಸರ ಏನಿಲ್ಲ," ಎಂದು ಗೆಳತಿ ಮೆಟ್ಟಿಲು ಹತ್ತಿದರು.

ಏಳು ತಿಂಗಳ ನಂತರ ಒಂದು ಬೆಳಿಗ್ಗೆ, ಕೆಲಸಕ್ಕೆ ಬರುವ ದಾರಿಯಲ್ಲಿ ಬಸ್ ನಿಲ್ದಾಣದ ಕಲ್ಲಿನ ಮೇಲೆ ಕೂತ ಕಾರ್ಡಮ್ಮ ಮತ್ತೆ ಏಳಲಿಲ್ಲ. ಹೃದಯ ನಿಂತಿತ್ತು.

ಆಮೇಲಿನ ದಿನಗಳಲ್ಲಿ ಅಂಟಕ್ಕ ತಲೆ ಕೆಳಗೆ ಹಾಕಿ ಕೆಲಸ ಮಾಡಿದರು. ಎಂಟರ ಬದಲು ಹದಿನೈದು, ಹದಿನಾರು. ಪುಟ ಎಣಿಸುವುದನ್ನು ಬಿಟ್ಟರು. ಹಾಳೆ ಬಿಚ್ಚದೆ, ಬೆನ್ನಿನ ಪಕ್ಕಕ್ಕೆ ದಬ್ಬಳದಿಂದ ಮೂರು ತೂತು ಹೊಡೆದು ದಾರ ಎಳೆಯುವ ಅವಸರದ ಹೊಲಿಗೆ. ನಂತರ ಕಟಿಂಗ್ ಮಷಿನ್‌ಗೆ ಕೊಟ್ಟು ಮೂರೂ ಕಡೆ ಅಂಚು ಸವರುವುದು. ಹೀಗೆ ಸವರಿದವುಗಳಲ್ಲಿ, ರಾಶಿಯ ಅಡಿಯಿಂದ ಬಂದ ಆ ರಟ್ಟಿಲ್ಲದ ಪುಸ್ತಕವನ್ನು ಹೊಸ ರಟ್ಟಿಗೆ ಅಂಟಿಸಲು ತೆರೆದಾಗ ಅಂಚಿನಲ್ಲಿ ಪೆನ್ಸಿಲ್ ಗುರುತು ಕಂಡಿತು. ಗುಂಡಗಿನ ಅಕ್ಷರ. ಅರ್ಧ ಇತ್ತು, ಅರ್ಧ ಇರಲಿಲ್ಲ.

ಪುಟ ಮಗುಚುತ್ತಾ ಹೋದರೆ ಉದ್ದಕ್ಕೂ ಅದೇ. ಹತ್ತಿಪ್ಪತ್ತು ಕಡೆ ಗೆಳತಿ ಬರೆದಿದ್ದರು, ಎಲ್ಲ ಕಡೆಯೂ ಕತ್ತಿ ಆಡಿತ್ತು. ಅಂಟಕ್ಕ ಕಸದ ಬುಟ್ಟಿ ಬೋರಲು ಹಾಕಿದರು. ಎಳೆಯಂಥ ಕಾಗದದ ಚೂರುಗಳು, ಹದಿನೈದು ಪುಸ್ತಕದವು ಒಂದರೊಳಗೊಂದು ಸಿಕ್ಕಿಕೊಂಡಿದ್ದವು. ಮೂರು ದಿನ ಕೂತು ಜೋಡಿಸಿದರು. ಒಂದು ಸಾಲೂ ಕೂಡಲಿಲ್ಲ.

ನಾಲ್ಕನೆಯ ದಿನ ತಾವೇ ಹಾಕಿದ ಹೊಲಿಗೆಯನ್ನು ತಾವೇ ಕತ್ತರಿಸಿದರು. ಹಾಳೆಗಳನ್ನು ಬಿಡಿಸಿದಾಗ, ನಟ್ಟನಡುವೆ, ಎರಡು ಪುಟ ಕೂಡುವ ಮಡಿಕೆಯ ಆಳದಲ್ಲಿ ಒಂದು ಸಾಲು ಪೂರ್ತಿಯಾಗಿ ಉಳಿದಿತ್ತು. ಅಲ್ಲಿಗೆ ಯಾವ ಕತ್ತಿಯೂ ತಲುಪುವುದಿಲ್ಲ. ಬೈಂಡಿಂಗ್ ಮಾಡುವವಳ ಸೂಜಿ ತಲುಪುತ್ತದೆ, ಅವಳ ಕಣ್ಣು ತಲುಪುತ್ತದೆ, ಅಷ್ಟೇ. ಗೆಳತಿಗೆ ಅದು ಗೊತ್ತಿತ್ತು. 'ಇಷ್ಟು ಓದಿದ ಮೇಲೆ ಬೆಂಚಿಗೆ ಬಾ. ಕಾಯ್ತಿರ್ತೀನಿ.'

ಕಾರ್ಡಮ್ಮ ಏಳು ತಿಂಗಳು ಕಾದಿದ್ದಾರೆ. ಅಂಟಕ್ಕ ಇದನ್ನು ಹೇಳುವಾಗ ಅಳುವುದಿಲ್ಲ, ಬೆರಳಿಗೆ ಮೆತ್ತಿದ ಅಂಟನ್ನು ಉಜ್ಜಿ ಉಜ್ಜಿ ತೆಗೆಯುತ್ತಾರೆ.

ಅಂದಿನಿಂದ ಅವರು ಆ ಪುಸ್ತಕವನ್ನು ದಿನಕ್ಕೊಂದು ಪುಟದಂತೆ ಓದಿದರು. ಅದು ಎರಡು ಸಾವಿರ ವರ್ಷಕ್ಕೂ ಹಿಂದೆ, ಕಡಲಾಚೆಯ ಊರೊಂದರಲ್ಲಿ ತೋಟದ ನಡುವೆ ಗೆಳೆಯರ ಜೊತೆ ಬದುಕಿದ ತತ್ವಜ್ಞಾನಿಯ ವಿಚಾರ. ಹೆಸರಿದ್ದ ಹಾಳೆಯೇ ಇಲ್ಲದ್ದರಿಂದ ಅಂಟಕ್ಕನಿಗೆ ಅವನು ಬರೀ 'ತೋಟದ ಮುದುಕ'. ಮುಖ್ಯ ಗ್ರಂಥಪಾಲಕರು ಒಮ್ಮೆ ಹೆಸರು ಹೇಳಿದರಂತೆ, ಇವರು ನೆನಪಿಟ್ಟುಕೊಳ್ಳಲಿಲ್ಲ. "ಮಾತು ಸಿಕ್ತಲ್ಲ, ಹೆಸರು ಯಾಕೆ? ನಂಗೂ ಇಲ್ಲಿ ಹೆಸರಿಲ್ಲ."

ಅರ್ಧ ದಾರಿಯಲ್ಲಿ ಒಂದು ಕಡೆ ಅವರು ಬೆಚ್ಚಿಬಿದ್ದರು. ಲೋಕದಲ್ಲಿ ಕೆಲವು ಆಗಲೇಬೇಕಾಗಿ ಆಗುತ್ತವೆ, ಕೆಲವು ಆಕಸ್ಮಿಕವಾಗಿ ಬಂದೆರಗುತ್ತವೆ, ಕೆಲವು ಮಾತ್ರ ನಮ್ಮ ಕೈಯಲ್ಲಿರುತ್ತವೆ ಎಂದು ಮುದುಕ ವಿಂಗಡಿಸಿದ್ದ.

"ಅಯ್ಯೋ, ಇದು ನನ್ನ ಕಪಾಟಲ್ವಾ ಅನ್ನಿಸ್ತು. ಈ ಮುದುಕ ಎಲ್ಲೋ ಬೈಂಡಿಂಗ್ ಕೆಲಸ ಮಾಡಿರ್ಬೇಕು. ಅವಳು ಈ ಪುಸ್ತಕಾನೇ ಯಾಕೆ ಆರಿಸಿ ಕಳಿಸಿದ್ಲು ಅಂತ ಆಗ ಅರ್ಥ ಆಯ್ತು."

ಅವರು ತಮ್ಮ ಸಂಕಟವನ್ನೂ ವಿಂಗಡಿಸಿ ನೋಡಿದ್ದಾರೆ. ಮನುಷ್ಯರು ಸಾಯುವುದು ಮೊದಲನೆಯ ಕಪಾಟು. ಆ ದಿನವೇ, ಆ ನಿಲ್ದಾಣದಲ್ಲೇ ಆದದ್ದು ಎರಡನೆಯದು. ಆ ಎರಡರ ಬಗ್ಗೆ ಅವರಿಗೆ ಜಗಳವಿಲ್ಲ. ದಿನಾ ಹನ್ನೊಂದಕ್ಕೆ ಮೆಟ್ಟಿಲು ಹತ್ತದೇ ಇದ್ದದ್ದು? "ಅದು ಮೂರನೇದು. ನನ್ನ ಕೈಯಾರೆ ಕೆಡಿಸಿದ್ದು. ಅದಕ್ಕೇ ಈ ಪುಸ್ತಕ ಅಲ್ಲೇ ಇಟ್ಟಿದೀನಿ."

ಮುದುಕನ ಎಲ್ಲ ಮಾತೂ ಅವರಿಗೆ ಸರಿ ಕಾಣುವುದಿಲ್ಲ. ಸತ್ತವರಿಗೆ ನೋವೂ ಇಲ್ಲ, ಭಯವೂ ಇಲ್ಲ ಎಂಬ ಕಡೆ ಅವರು ಇಡೀ ವಾರ ನಿಂತುಬಿಟ್ಟರು. "ಸತ್ತವಳಿಗೆ ಏನೂ ಇಲ್ಲವಂತೆ. ಸರಿಯಪ್ಪ. ಉಳಿದವಳಿಗೆ ಇದೆಯಲ್ಲ?" ಕಳೆದದ್ದನ್ನು ಕೃತಜ್ಞತೆಯಿಂದ ನೆನೆದರೆ ನೋವು ಮಾಗುತ್ತದೆ ಎಂದೂ ಇದೆ. ಅದಕ್ಕಾಗಿ ದಿನಾ ಅಂಟು ತಿರುವುವಾಗ ಅಳಿಸಿದ ಸಾಲುಗಳಲ್ಲಿ ಒಂದನ್ನಾದರೂ ನೆನೆಯಲು ನೋಡುತ್ತಾರೆ. ಸಾವಿರಾರು ಸಾಲುಗಳಲ್ಲಿ ಇಪ್ಪತ್ತಾರು ನೆನಪಿಗೆ ಬಂದಿವೆ. ಉಳಿದವು ಬರಲಾರವು ಎಂದು ಅವರಿಗೇ ಗೊತ್ತು.

ಬೇಕುಗಳನ್ನು ಸೋಸುವುದನ್ನು ಮಾತ್ರ ಚೆನ್ನಾಗಿ ಕಲಿತಿದ್ದಾರೆ. ಇದಿಲ್ಲದಿದ್ದರೆ ಮೈಗೋ ಮನಸ್ಸಿಗೋ ನಿಜವಾಗಿ ನೋವಾಗುತ್ತದೆಯೇ, ಅಥವಾ ನಾಲ್ಕು ಜನ ನೋಡಲಿ ಎಂಬ ಆಸೆಯೇ ಎಂದು ಕೇಳಿಕೊಳ್ಳುತ್ತಾರೆ. ಆ ಪರೀಕ್ಷೆ ಈ ವಾರ ಅವರ ಬಾಗಿಲಿಗೇ ಬಂದಿದೆ. ಇನ್ನು ಹತ್ತೊಂಬತ್ತು ದಿನಕ್ಕೆ ನಿವೃತ್ತಿ. ಆದರೆ ಗ್ರಂಥಪಾಲಕರು ಒಂದು ಪತ್ರ ಕೊಟ್ಟು, "ಇನ್ನೆರಡು ವರ್ಷ ಇರಿ ಅಮ್ಮಾ, ಹೊಸ ಮಷಿನ್ ಬರುತ್ತೆ, ಬಾಗಿಲ ಮೇಲೆ ನಿಮ್ಮ ಹೆಸರಿನ ಫಲಕ ಹಾಕಿಸ್ತೀವಿ," ಎಂದಿದ್ದಾರೆ. ಶುಕ್ರವಾರ ಉತ್ತರ ಹೇಳಬೇಕು.

"ಫಲಕ ಇಲ್ದೇನೇ ಮೂವತ್ತೊಂದು ವರ್ಷ ಈ ಬಾಗಿಲು ನಂಗೆ ಸಿಕ್ಕಿದೆ," ಎಂದು ಅವರು ತಮಾಷೆ ಮಾಡುತ್ತಾರೆ. ಆದರೆ ರಾಶಿಯ ಕಡೆ ನೋಡಿದಾಗ ಮುಖ ಸಣ್ಣಗಾಗುತ್ತದೆ. ಮುನ್ನೂರ ನಲವತ್ತು ಪುಸ್ತಕ ಬಾಕಿ. ಬಿಟ್ಟುಹೋಗುವುದು ಹೇಗೆ?

ಮನೆಯಲ್ಲಿ ತಂಗಿ ಇದ್ದಾರೆ. ಮದುವೆಯಾಗದ ಅಕ್ಕ, ಗಂಡನನ್ನು ಕಳೆದುಕೊಂಡ ತಂಗಿ, ಎರಡು ಕೋಣೆ, ಒಂದು ಹೊಲಿಗೆ ಯಂತ್ರ. ತಂಗಿಯ ಮಂಡಿ ವರ್ಷದಿಂದ ವರ್ಷಕ್ಕೆ ಹಟ ಹಿಡಿಯುತ್ತಿದೆ. ಬೆಳಗಿನ ಹೊತ್ತು ಹೊಳೆಯ ದಂಡೆಯವರೆಗೆ ಅಕ್ಕನ ಜೊತೆ ನಡೆದು ಬರಬೇಕೆಂಬುದು ಅವರ ಒಂದೇ ಆಸೆ. ಆದರೆ ಆ ಹೊತ್ತಿಗೆ ಅಕ್ಕ ಅಂಟು ತಿರುವುತ್ತಿರುತ್ತಾರೆ.

ಗುರುವಾರ ಊಟಕ್ಕೆ ಕೂತಾಗ ತಂಗಿ ಕೇಳಿದರು, "ಏನ್ ಹೇಳ್ತೀಯಕ್ಕ ನಾಳೆ?"

"ಎರಡು ವರ್ಷ ಅಲ್ವೇನೇ? ಈ ರಾಶಿ ಒಂದು ಮುಗೀಲಿ ಅಂತ..." ಅಂಟಕ್ಕನ ಮಾತು ಬಾಯಲ್ಲೇ ನಿಂತಿತು. ಕೈಯಲ್ಲಿದ್ದ ತುತ್ತು ತಟ್ಟೆಗೆ ಮರಳಿತು.

"ಆಯ್ತು ಬಿಡು ಅಕ್ಕ, ಅವಸರ ಏನಿಲ್ಲ," ಎಂದರು ತಂಗಿ, ಮಂಡಿಯ ಮೇಲೆ ಕೈಯೂರಿ ಏಳುತ್ತಾ.

ಶುಕ್ರವಾರ ಹನ್ನೊಂದು ಗಂಟೆ. ಅಂಟಕ್ಕ ಕೈ ತೊಳೆದು, ಪತ್ರ ಹಿಡಿದು ಇಪ್ಪತ್ತಮೂರು ಮೆಟ್ಟಿಲು ಹತ್ತುತ್ತಾರೆ. ಪತ್ರದಲ್ಲಿ ಸಹಿಯ ಜಾಗ ಖಾಲಿ. ಗ್ರಂಥಪಾಲಕರು ಅದನ್ನು ತಿರುಗಿಸಿ ಮುರುಗಿಸಿ ನೋಡುತ್ತಾರೆ. "ಮತ್ತೆ ಆ ರಾಶಿ, ಅಮ್ಮಾ?"

"ಅದು ಮುಗಿಯೋ ರಾಶಿ ಅಲ್ಲ ಸಾರ್. ಮುಗಿಯೋಳು ನಾನು."

ಅಲ್ಲಿಂದ ಕೈತೋಟದ ಬೆಂಚಿಗೆ ಹೋಗಿ ಪೂರ್ತಿ ಅರ್ಧ ಗಂಟೆ ಕೂರುತ್ತಾರೆ. ಪಕ್ಕದ ಜಾಗ ಖಾಲಿ ಇರುತ್ತದೆ. ಬಿಸಿಲು ಚೆನ್ನಾಗಿದೆ. ಇದೇ ಬಿಸಿಲು ಎಷ್ಟು ವರ್ಷ ಪುಕ್ಕಟೆಯಾಗಿ ಬಿದ್ದಿತ್ತಲ್ಲ ಎಂದುಕೊಳ್ಳುತ್ತಾರೆ. ಅಲ್ಲಿಂದಲೇ ತಂಗಿಗೆ ಫೋನು ಮಾಡಿ, ಉಳಿದ ದಿನಗಳು ಕಳೆಯಲಿ, ಆಮೇಲೆ ದಿನಾ ಹೊಳೆಯ ದಂಡೆಗೆ ಹೋಗೋಣ ಎನ್ನುತ್ತಾರೆ. ಒಂದು ಕ್ಷಣ ತಡೆದು ತಮ್ಮನ್ನೇ ತಿದ್ದಿಕೊಳ್ಳುತ್ತಾರೆ. "ಬೇಡ, ನಾಳೇನೇ ಹೋಗೋಣ. ಅಂಟು ತಡವಾದ್ರೆ ಆಗ್ಲಿ."

ಕೆಳಗೆ ಬಂದು ಬಟ್ಟೆಯ ಗಂಟು ಬಿಚ್ಚುತ್ತಾರೆ. ಈ ಸಲ ಅವಸರದ ಹೊಲಿಗೆಯಲ್ಲ. ಒಂದೊಂದೇ ಮಡಿಕೆ ಬಿಡಿಸಿ, ಪುಟ ಎಣಿಸಿ, ನಡುವಿನಿಂದ ಸೂಜಿ ತೂರಿಸುವ ಪೂರ್ತಿ ಹೊಲಿಗೆ. ಗೆಳತಿಯ ಸಾಲಿರುವ ಮಡಿಕೆ ಬಂದಾಗ ಸೂಜಿ ಕೆಳಗಿಟ್ಟು ಪೆನ್ಸಿಲ್ ಎತ್ತಿಕೊಳ್ಳುತ್ತಾರೆ. ಮೂವತ್ತೊಂದು ವರ್ಷ ಪುಸ್ತಕಗಳಿಂದ ಪೆನ್ಸಿಲ್ ಗುರುತು ಅಳಿಸಿದ ಕೈ ಮೊದಲ ಸಲ ಒಂದು ಗುರುತು ಮಾಡುತ್ತದೆ. ಗೆಳತಿಯ ಸಾಲಿನ ಕೆಳಗೆ, ಅಷ್ಟೇ ಸಣ್ಣಕ್ಕೆ: 'ಬಂದೆ. ತಡವಾಯ್ತು.'

ಸಂಜೆಯ ಹೊತ್ತಿಗೆ ಪುಸ್ತಕ ಹೊಸ ರಟ್ಟು ತೊಟ್ಟು ಮೇಲೆ ಹೋಗುವ ಗಾಡಿಯಲ್ಲಿ ಕೂತಿದೆ. ಬೆನ್ನು ನೆಟ್ಟಗಿದೆ. ಅಂಟಕ್ಕ ಅದನ್ನೊಮ್ಮೆ ಅಂಗೈಯಿಂದ ಸವರಿ, ರಬ್ಬರನ್ನು ಮೇಜಿನ ಖಾನೆಗೆ ಹಾಕಿ ಮುಚ್ಚುತ್ತಾರೆ.

"ಪುಸ್ತಕ ಅಲ್ವಾ, ಮತ್ತೊಮ್ಮೆ ಹರಿಯುತ್ತೆ, ಮತ್ತೆ ಇಲ್ಲಿಗೇ ಬರುತ್ತೆ," ಎನ್ನುತ್ತಾರೆ. "ಆಗ ಈ ಕುರ್ಚಿ ಮೇಲೆ ಇರೋರು ಯಾರೋ ಏನೋ. ಅವರು ಪುಟ ಎಣಿಸ್ಲಿ. ಆ ಮಡಿಕೆ ಬಂದಾಗ ಓದ್ಲಿ. ರಬ್ಬರ್ ಮಾತ್ರ ಹಚ್ಚದೆ ಇದ್ರೆ ಸಾಕು ನಂಗೆ."